ಮನೆಯಲ್ಲೇ ಹಣ್ಣಿನ ಐಸ್‌ಕ್ಯಾಂಡಿ: ಸಿಂಧನೂರು ಸೀಮೆಯ ಬೇಸಿಗೆಗೊಂದು ಕೈಪಿಡಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಬಿಸಿಲಿನ ಕಾರಣಕ್ಕೇ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರಕಾರಿ ಕಚೇರಿಗಳ ವೇಳೆ ಈ ಎರಡು ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಪೇಟೆಗಳು ಊಟದ ಹೊತ್ತಿಗೆ ಬಿಕೋ ಎನ್ನುತ್ತವೆ. ಶಾಲೆಗೆ ರಜೆ ಇರುವುದರಿಂದ ಮಕ್ಕಳೆಲ್ಲ ಮನೆಯಲ್ಲಿರುತ್ತಾರೆ. ತಣ್ಣಗಿನದೇನಾದರೂ ಕೊಡಿ ಎಂಬ ಅವರ ಬೇಡಿಕೆ ಹೆಚ್ಚಾಗಿ ಬಣ್ಣದ ನೀರಿನ ಪ್ಯಾಕೆಟ್ ಐಸಿನಲ್ಲಿ ಮುಗಿಯುತ್ತದೆ.

ಹಣ್ಣು ಹೇರಳವಾಗಿ, ಅಗ್ಗವಾಗಿ ಸಿಗುವುದೂ ಇದೇ ತಿಂಗಳುಗಳಲ್ಲಿ. ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ, ಗಾಡಿಗಳ ಮೇಲೆ ದ್ರಾಕ್ಷಿ ಮತ್ತು ಕರಬೂಜ, ಏಪ್ರಿಲ್ ಕಳೆಯುವಷ್ಟರಲ್ಲಿ ಮಾವು. ಪಾನಕ, ಸೀಕರಣೆ ಮಾಡಬಲ್ಲ ಯಾವ ಮನೆಯಲ್ಲೂ ಹಣ್ಣಿನ ಐಸ್ ಮಾಡಬಹುದು. ಅದಕ್ಕೆ ದುಬಾರಿ ಯಂತ್ರವಾಗಲಿ, ಅಂಗಡಿಯ ಪುಡಿಯಾಗಲಿ ಬೇಕಿಲ್ಲ. ಸಕ್ಕರೆ ಎಷ್ಟು, ನೀರು ಎಂಥದ್ದು, ಎಷ್ಟು ಬೇಗ ಗಟ್ಟಿಯಾಗಬೇಕು ಎಂಬ ಮೂರು ವಿಷಯ ತಿಳಿದರೆ ಯಾವ ಹಣ್ಣಿನಿಂದಲಾದರೂ ಮಾಡಿಕೊಳ್ಳಬಹುದು.

ಬಗೆಗಳು

ಮನೆಯಲ್ಲಿ ಮಾಡಬಹುದಾದ ಹಣ್ಣಿನ ಐಸ್‌ಗಳಲ್ಲಿ ಮುಖ್ಯವಾಗಿ ಐದು ಬಗೆ.

ಐಸ್‌ಕ್ಯಾಂಡಿ: ಹಣ್ಣಿನ ರಸ ಅಥವಾ ತಿರುಳನ್ನು ಸಕ್ಕರೆಯೊಂದಿಗೆ ಅಚ್ಚಿಗೆ ಹೊಯ್ದು, ಕಡ್ಡಿ ಚುಚ್ಚಿ ಗಟ್ಟಿ ಮಾಡಿದ್ದು.

ಕುಲ್ಫಿ: ಹಾಲನ್ನು ಬತ್ತಿಸಿ, ಆರಿಸಿ, ಹಣ್ಣಿನ ತಿರುಳು ಬೆರೆಸಿ, ಕಲಕದೆ ಹೆಪ್ಪುಗಟ್ಟಿಸಿದ್ದು. ಇದರಲ್ಲಿ ಗಾಳಿ ಸೇರುವುದಿಲ್ಲವಾದ್ದರಿಂದ ಒತ್ತಾಗಿರುತ್ತದೆ, ನಿಧಾನವಾಗಿ ಕರಗುತ್ತದೆ.

ಸೋರ್ಬೆ: ಹಾಲಿಲ್ಲದ ಹಣ್ಣಿನ ಐಸ್. ಸಕ್ಕರೆ ಸ್ವಲ್ಪ ಹೆಚ್ಚು. ನಡುನಡುವೆ ಕಲಕುವುದರಿಂದ ಚಮಚದಲ್ಲಿ ತೆಗೆಯುವಷ್ಟು ಮೆದುವಾಗಿರುತ್ತದೆ.

ಕೆರೆದ ಐಸ್: ಅಗಲ ತಟ್ಟೆಯಲ್ಲಿ ರಸವನ್ನು ಗಟ್ಟಿ ಮಾಡುತ್ತಾ ಮುಳ್ಳುಚಮಚದಿಂದ ಕೆರೆದು ಹರಳು ಹರಳಾಗಿ ಮಾಡಿದ್ದು. ಇಟಲಿಯಲ್ಲಿ ಇದನ್ನು ಗ್ರಾನಿಟಾ ಎನ್ನುತ್ತಾರೆ.

ಇಡೀ ಹಣ್ಣು: ದ್ರಾಕ್ಷಿ, ಬಾಳೆಹಣ್ಣಿನ ಬಿಲ್ಲೆ, ಮಾವಿನ ಹೋಳುಗಳನ್ನು ಹಾಗೆಯೇ ಫ್ರೀಜರಿನಲ್ಲಿಟ್ಟು ತಿನ್ನುವುದು.

ಐಸ್‌ಕ್ರೀಮ್ ಇವುಗಳಿಗಿಂತ ಬೇರೆ. ಭಾರತದ ಆಹಾರ ಕಾನೂನಿನ ಪ್ರಕಾರ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿದ್ದರೆ ಪೊಟ್ಟಣದ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದು ಬರೆಯಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಈ ಎರಡು ಪದ ನೋಡಿಕೊಳ್ಳುವುದು ಒಳ್ಳೆಯದು.

ಹಿನ್ನೆಲೆ

ಭಾರತದಲ್ಲಿ ತಂಪು ಮಾಡುವ ವಿದ್ಯೆ ಹಳೆಯದು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬಳಸಿ ನೀರನ್ನು ತಣ್ಣಗೆ ಮಾಡುತ್ತಿದ್ದುದನ್ನು, ಬೆಟ್ಟಗಳಿಂದ ಮಂಜುಗಡ್ಡೆ ತರಿಸುತ್ತಿದ್ದುದನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಕುಲ್ಫಿಯ ಬೇರು ಇರುವುದು ಈ ಮೊಘಲ್ ಕಾಲದ ಅಡುಗೆಮನೆಯಲ್ಲಿ. ರಾಯಚೂರು ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಶರಬತ್ತು, ಕುಲ್ಫಿ, ಫಾಲೂದಾಗಳು ಈ ಭಾಗದ ನಾಲಿಗೆಗೆ ಒಗ್ಗಿಹೋಗಿರುವುದರಲ್ಲಿ ಆ ನಂಟಿನ ಪಾಲೂ ಇದೆ.

ಹೊರಗಿನಿಂದ ಮಂಜುಗಡ್ಡೆ ಬಂದ ಕಥೆಯೂ ಇದೆ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಕಲ್ಕತ್ತಾಕ್ಕೆ ಹಡಗಿನಲ್ಲಿ ಮಂಜುಗಡ್ಡೆ ಬಂತು. ಮದರಾಸಿನ ಸಮುದ್ರದಂಡೆಯಲ್ಲಿ ಅದನ್ನು ಇಡಲೆಂದೇ ಕಟ್ಟಿದ ‘ಐಸ್ ಹೌಸ್’ ಇಂದು ವಿವೇಕಾನಂದರ ಸ್ಮಾರಕವಾಗಿದೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಕಡ್ಡಿ ಚುಚ್ಚಿದ ಐಸ್‌ಗೆ 1924ರಲ್ಲಿ ಪೇಟೆಂಟ್ ಪಡೆದವರು ಫ್ರಾಂಕ್ ಎಪರ್ಸನ್.

ಹಣ್ಣನ್ನೇ ಮುಂದಿಟ್ಟು ಗೆದ್ದ ಉದಾಹರಣೆ ಕನ್ನಡ ನಾಡಿನಿಂದಲೇ ಸಿಗುತ್ತದೆ. ದಕ್ಷಿಣ ಕನ್ನಡದ ಮೂಲ್ಕಿ ಕಡೆಯ ರಘುನಂದನ ಕಾಮತ್ ಅವರ ತಂದೆ ಹಣ್ಣಿನ ವ್ಯಾಪಾರಿ. ಒಳ್ಳೆಯ ಹಣ್ಣನ್ನು ಗುರುತಿಸುವ ಕಲೆ ಕಾಮತ್ ಅವರಿಗೆ ಮನೆಯಿಂದಲೇ ಬಂದಿತ್ತು. 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ಅವರು ಆರಂಭಿಸಿದ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಅಂಗಡಿ ಹಾಲು, ಸಕ್ಕರೆ, ಹಣ್ಣು ಈ ಮೂರನ್ನೇ ನೆಚ್ಚಿ ಬೆಳೆಯಿತು. ಸೀತಾಫಲ, ಎಳನೀರು, ಚಿಕ್ಕುವಿನ ಐಸ್‌ಕ್ರೀಮ್ ದೇಶದ ತುಂಬ ಮಾತಾಯಿತು. ಕಾಮತ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಹಣ್ಣು ಚೆನ್ನಾಗಿದ್ದರೆ ಬಣ್ಣ, ಸುವಾಸನೆಯ ಹಂಗು ಬೇಡ ಎಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತು.

ಈ ಭಾಗದಲ್ಲಿ ಸಿಗುವ ಹಣ್ಣುಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜ ಎನಿಸಿಕೊಂಡಿದೆ. ಹಣ್ಣಿನ ತೋಟಗಳು ಹೆಚ್ಚಾಗಿ ಇದರ ಸುತ್ತಲಿನ ಕೆಂಪು ನೆಲದಲ್ಲಿವೆ. ಲಿಂಗಸುಗೂರು, ಕುಷ್ಟಗಿ ಕಡೆಯ ದಾಳಿಂಬೆ, ಕೊಪ್ಪಳದ ಮಾವು ಮತ್ತು ಪೇರಲ, ವಿಜಯಪುರ ಜಿಲ್ಲೆಯ ದ್ರಾಕ್ಷಿ ಮತ್ತು ಇಂಡಿಯ ಲಿಂಬೆ ಇಲ್ಲಿನ ಸಂತೆಗಳಿಗೆ ಬರುತ್ತವೆ. ಕೊಪ್ಪಳದಲ್ಲಿ ತೋಟಗಾರಿಕೆ ಇಲಾಖೆ ನಡೆಸುವ ಮಾವು ಮೇಳದಲ್ಲಿ ಕೇಸರ್ ತಳಿಗೆ ಒಳ್ಳೆಯ ಬೇಡಿಕೆ ಇದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ, ಫೆಬ್ರವರಿಯಿಂದ ಮೇವರೆಗೆ ಕಲ್ಲಂಗಡಿ ಮತ್ತು ಕರಬೂಜ, ಏಪ್ರಿಲ್‌ನಿಂದ ಜೂನ್‌ವರೆಗೆ ಮಾವು, ಜೂನ್ ಹೊತ್ತಿಗೆ ನೇರಳೆ. ಬಾಳೆ, ಪಪ್ಪಾಯಿ, ಮೋಸಂಬಿ ವರ್ಷವಿಡೀ ಸಿಗುತ್ತವೆ. ನೇರಳೆ ಮತ್ತು ಸೀತಾಫಲದ ತಿರುಳನ್ನು ಆಯಾ ಕಾಲದಲ್ಲಿ ಬಿಡಿಸಿ ಫ್ರೀಜರಿನಲ್ಲಿಟ್ಟುಕೊಂಡರೆ ಮುಂದೆ ಬಳಸಬಹುದು.

ಪ್ರತಿ ಹಣ್ಣಿಗೂ ಅದರದೇ ಸ್ವಭಾವ. ಕಲ್ಲಂಗಡಿಯಲ್ಲಿ ಶೇ 91ಕ್ಕೂ ಹೆಚ್ಚು ನೀರು. ಸಕ್ಕರೆ, ಲಿಂಬೆ ಸೇರಿಸದೆ ಹೆಪ್ಪುಗಟ್ಟಿಸಿದರೆ ಬರೀ ಮಂಜುಗಡ್ಡೆ ತಿಂದಂತಾಗುತ್ತದೆ. ಮಾವಿನಲ್ಲಿ ತಿರುಳೂ ನಾರೂ ಇರುವುದರಿಂದ ತಾನಾಗಿಯೇ ನುಣುಪು ಬರುತ್ತದೆ. ಬಾಳೆಯ ಪೆಕ್ಟಿನ್ ಅದನ್ನು ಕೆನೆಯಂತೆ ಮಾಡುತ್ತದೆ. ಪಪ್ಪಾಯಿಯಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಹಾಲು ಬೆರೆಸಿಟ್ಟರೆ ಕಹಿಯಾಗುತ್ತದೆ. ಅದಕ್ಕೆ ಲಿಂಬೆರಸವೇ ಸರಿ ಜೋಡಿ. ಮೋಸಂಬಿ ರಸ ಇಟ್ಟಷ್ಟೂ ಕಹಿಯಾಗುವುದರಿಂದ ಹಿಂಡಿದ ಕೂಡಲೇ ಅಚ್ಚಿಗೆ ಹಾಕಬೇಕು.

ಹಣ್ಣು ಚೆನ್ನಾಗಿ ಪಕ್ವವಾಗಿರಬೇಕು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಅನುಮತಿ ಇರುವುದು ಎಥಿಲೀನ್ ಅನಿಲಕ್ಕೆ. ಹೊರಗೆಲ್ಲ ಒಂದೇ ಸಮ ಹಳದಿ, ಒಳಗೆ ಹುಳಿ, ಮೂಸಿದರೆ ವಾಸನೆಯೇ ಇಲ್ಲದ ಮಾವನ್ನು ಬಿಡುವುದು ಲೇಸು. ತುಸು ಮೆತ್ತಗಾಗಿ, ಅಗ್ಗಕ್ಕೆ ಕೊಡುವ ಹಣ್ಣು ಐಸ್‌ಗೆ ಚೆನ್ನಾಗಿ ಹೊಂದುತ್ತದೆ. ಕೊಳೆತ, ಬೂಸ್ಟು ಹಿಡಿದ ಹಣ್ಣು ಮಾತ್ರ ಯಾವ ಕಾರಣಕ್ಕೂ ಬೇಡ.

ಹೆಪ್ಪುಗಟ್ಟುವಾಗ ಏನಾಗುತ್ತದೆ

ಬೀದಿಯ ಐಸ್‌ಕ್ಯಾಂಡಿಯನ್ನು ನಾಲ್ಕು ಸಲ ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕೈಯಲ್ಲಿ ಬೆಳ್ಳನೆಯ ಮಂಜುಗಡ್ಡೆ ಉಳಿಯುತ್ತದೆ. ಕಾರಣ ಇಷ್ಟೇ: ರಸ ತಣಿಯುವಾಗ ಮೊದಲು ಹರಳಾಗುವುದು ಅದರೊಳಗಿನ ಶುದ್ಧ ನೀರು. ಅಚ್ಚಿನ ಗೋಡೆಗೆ ತಾಗಿ ತೆಳ್ಳನೆ ಬಿಳಿ ಪದರ ಮೂಡುತ್ತದೆ. ಅದರಲ್ಲಿ ಸಕ್ಕರೆಗೆ ಜಾಗವಿಲ್ಲ. ಹೀಗಾಗಿ ಸಕ್ಕರೆ, ಬಣ್ಣ, ಹುಳಿ ಎಲ್ಲವೂ ನಡುಭಾಗಕ್ಕೆ ಸರಿದು ಗಾಢವಾಗುತ್ತಾ ಹೋಗುತ್ತವೆ. ಹೆಪ್ಪುಗಟ್ಟುವುದು ನಿಧಾನವಾದಷ್ಟೂ ಹರಳು ದೊಡ್ಡದಾಗುತ್ತದೆ, ಸಿಹಿ ಬೇರ್ಪಡುತ್ತದೆ. ಬೇಗ ಗಟ್ಟಿಯಾದರೆ ಹರಳು ಸಣ್ಣದಾಗಿ ನಾಲಿಗೆಗೆ ನುಣುಪಾಗಿರುತ್ತದೆ. ಹಣ್ಣಿನ ತಿರುಳು ಇದ್ದರೆ ನೀರಿನ ಓಡಾಟಕ್ಕೆ ತಡೆಯಾಗಿ ಬೇರ್ಪಡುವುದು ಕಡಿಮೆ. ತೀರ ಸೋಸಿದ ತೆಳು ರಸಕ್ಕಿಂತ ತಿರುಳುಳ್ಳ ರಸ ಮೇಲು ಎನ್ನುವುದು ಇದಕ್ಕೇ.

ಒಂದು ಕಿಲೊ ನೀರನ್ನು 40 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು ಸುಮಾರು 167 ಕಿಲೊಜೌಲ್ ಶಾಖ ತೆಗೆಯಬೇಕು. 0 ಡಿಗ್ರಿಯ ಆ ನೀರು ಗಡ್ಡೆಯಾಗಲು ಮತ್ತೆ 334 ಕಿಲೊಜೌಲ್ ತೆಗೆಯಬೇಕು, ಅಂದರೆ ಮೊದಲಿನ ಎರಡು ಪಟ್ಟು. ಬೇಸಿಗೆಯಲ್ಲಿ ಮನೆಯ ಫ್ರಿಡ್ಜ್ ಏದುಸಿರು ಬಿಡುವುದು ಇದಕ್ಕೇ. ಆದ್ದರಿಂದ ಬೆರೆಸಿದ ರಸವನ್ನು ಫ್ರಿಡ್ಜಿನ ಕೆಳಭಾಗದಲ್ಲಿ ಎರಡು ಗಂಟೆ ತಣಿಸಿ, ಆಮೇಲೆ ಮೇಲಿನ ಫ್ರೀಜರಿಗೆ ಹಾಕಬೇಕು. ಒಂದೇ ಸಲ ಹತ್ತಾರು ಲೋಟ ತುಂಬಬಾರದು. ಫ್ರೀಜರಿನ ಗೋಡೆಗೆ ಮಂಜು ದಪ್ಪಗೆ ಕಟ್ಟಿದ್ದರೆ ಮೊದಲು ಡಿಫ್ರಾಸ್ಟ್ ಮಾಡಬೇಕು.

ನೀರು ಗಡ್ಡೆಯಾದಾಗ ಶೇ 9ರಷ್ಟು ಹಿಗ್ಗುತ್ತದೆ. ಅಚ್ಚನ್ನು ಅಂಚಿನವರೆಗೆ ತುಂಬದೆ ಬೆರಳಿನಗಲ ಜಾಗ ಬಿಡಬೇಕು. ಗಾಜಿನ ಲೋಟ ಸೀಳುವ ಅಪಾಯವಿರುವುದರಿಂದ ಅದನ್ನು ಬಳಸಲೇಬಾರದು.

ಸಕ್ಕರೆಯ ಲೆಕ್ಕ

ಸಕ್ಕರೆ ಸಿಹಿಯ ಜೊತೆಗೆ ಮೆದುತನವನ್ನೂ ಕೊಡುತ್ತದೆ. ಒಂದು ಕಿಲೊ ನೀರಿಗೆ 342 ಗ್ರಾಂ ಸಕ್ಕರೆ ಕರಗಿಸಿದರೆ ಅದು ಹೆಪ್ಪುಗಟ್ಟುವ ಬಿಂದು ಸುಮಾರು 1.86 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಸಕ್ಕರೆ ಕಡಿಮೆಯಾದರೆ ಐಸ್ ಕಲ್ಲಿನಷ್ಟು ಗಟ್ಟಿ, ಹೆಚ್ಚಾದರೆ ಗಟ್ಟಿಯೇ ಆಗುವುದಿಲ್ಲ. ಕಡ್ಡಿ ಐಸ್‌ಗೆ ಹಣ್ಣಿನ ಸ್ವಂತ ಸಕ್ಕರೆಯೂ ಸೇರಿ ಒಟ್ಟು ಶೇ 16ರಿಂದ 20, ಸೋರ್ಬೆಗೆ ಶೇ 25ರಿಂದ 28 ಇದ್ದರೆ ಹದ ಸರಿಹೋಗುತ್ತದೆ.

ಲೆಕ್ಕ ಹಾಕುವುದು ಸುಲಭ. ಕಲ್ಲಂಗಡಿಯಲ್ಲಿ ಸುಮಾರು ಶೇ 8, ಪೇರಲದಲ್ಲಿ ಶೇ 8ರಿಂದ 9, ದಾಳಿಂಬೆ ರಸದಲ್ಲಿ ಶೇ 14, ಮಾವಿನಲ್ಲಿ ಶೇ 15ರ ಆಸುಪಾಸು ಸಕ್ಕರೆ ಇರುತ್ತದೆ. ಒಂದು ಕಿಲೊ ಮಾವಿನ ತಿರುಳಿನಲ್ಲಿ 150 ಗ್ರಾಂ ಸಕ್ಕರೆ ಇದ್ದೇ ಇದೆ. ಅದಕ್ಕೆ ಇನ್ನೂ 150 ಗ್ರಾಂ ಸೇರಿಸಿದರೆ ಒಟ್ಟು 1,150 ಗ್ರಾಮಿನಲ್ಲಿ 300 ಗ್ರಾಂ, ಅಂದರೆ ಶೇ 26. ಸೋರ್ಬೆಗೆ ಅದೇ ಹದ.

ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಆದ್ದರಿಂದ ರಸವನ್ನು ರುಚಿ ನೋಡುವಾಗ ಪಾನಕಕ್ಕಿಂತ ತುಸು ಹೆಚ್ಚೇ ಸಿಹಿ ಅನಿಸಬೇಕು. ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ಲಿಂಬೆರಸ ಹಣ್ಣಿನ ರುಚಿಯನ್ನು ಎತ್ತಿ ಹಿಡಿಯುತ್ತವೆ. ಬೆಲ್ಲವನ್ನೂ ಬಳಸಬಹುದು. ಅದನ್ನು ಕರಗಿಸಿ, ಕುದಿಸಿ, ಸೋಸಿ, ಆರಿಸಿ ಹಾಕಬೇಕು.

ನೀರು ಮತ್ತು ಶುಚಿತ್ವ

ಹೆಪ್ಪುಗಟ್ಟಿದರೆ ರೋಗಾಣುಗಳು ಸಾಯುತ್ತವೆ ಎಂಬ ನಂಬಿಕೆ ತಪ್ಪು. ಟೈಫಾಯ್ಡ್, ವಾಂತಿಭೇದಿ ತರುವ ಸೂಕ್ಷ್ಮಜೀವಿಗಳು ಮಂಜುಗಡ್ಡೆಯಲ್ಲಿ ಸುಮ್ಮನಿದ್ದು, ಹೊಟ್ಟೆಗೆ ಹೋದ ಮೇಲೆ ಎಚ್ಚರಗೊಳ್ಳಬಲ್ಲವು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜೀವ ಹೋದದ್ದನ್ನು ಈ ಜಿಲ್ಲೆಯ ಜನ ಮರೆಯುವಂತಿಲ್ಲ. ಕಾಲುವೆಯಿಂದ ಕೆರೆಗೆ ತುಂಬಿಸಿ ನಳಕ್ಕೆ ಬಿಡುವ ನೀರಾದರೆ ಚೆನ್ನಾಗಿ ಕುದಿಸಿ ಆರಿಸಲೇಬೇಕು. ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಅಂಥ ಕಡೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಬೇಕು. ನೀರನ್ನೇ ಸೇರಿಸದೆ ಹಣ್ಣಿನ ರಸದಲ್ಲೇ ಸಕ್ಕರೆ ಕರಗಿಸಿದರೆ ಇನ್ನೂ ಒಳ್ಳೆಯದು.

ಕಲ್ಲಂಗಡಿ, ಕರಬೂಜದ ಸಿಪ್ಪೆಯನ್ನು ಕೊಯ್ಯುವ ಮೊದಲೇ ತಿಕ್ಕಿ ತೊಳೆಯಬೇಕು. ಇಲ್ಲವಾದರೆ ಸಿಪ್ಪೆಯ ಮೇಲಿನ ಮಣ್ಣು ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತದೆ. ದ್ರಾಕ್ಷಿಗೆ ಔಷಧ ಸಿಂಪಡಣೆ ಹೆಚ್ಚು. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ 15 ನಿಮಿಷ ನೆನೆಸಿ, ಆಮೇಲೆ ಎರಡು ಮೂರು ಸಲ ತೊಳೆಯಬೇಕು.

ಬಣ್ಣ ಹಾಕಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿತ್ತು. ದಾಳಿಂಬೆ, ನೇರಳೆ, ಕಲ್ಲಂಗಡಿ, ಬೀಟ್‌ರೂಟ್ ಇರುವಾಗ ಕೆಂಪಿಗೆ ಡಬ್ಬಿಯ ಬಣ್ಣ ಯಾಕೆ ಬೇಕು?

ಬೇಕಾಗುವ ಸಾಮಾನು

ಮಿಕ್ಸಿ, ಜರಡಿ, ಸಣ್ಣ ಸ್ಟೀಲ್ ಲೋಟಗಳು, ಕಟ್ಟಿಗೆಯ ಐಸ್‌ಕ್ರೀಮ್ ಕಡ್ಡಿಗಳು ಇದ್ದರೆ ಸಾಕು. ಪ್ಲಾಸ್ಟಿಕ್ಕಿಗಿಂತ ಸ್ಟೀಲ್ ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಐಸ್ ಬೇಗ ಗಟ್ಟಿಯಾಗುತ್ತದೆ. ಲೋಟದ ಬಾಯಿಗೆ ಫಾಯಿಲ್ ಕಟ್ಟಿ, ನಡುವೆ ಸೀಳಿ ಕಡ್ಡಿ ತೂರಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಫಾಯಿಲ್ ಇಲ್ಲದಿದ್ದರೆ ಒಂದೂವರೆ ಗಂಟೆಯ ನಂತರ, ರಸ ಅರೆಗಟ್ಟಿಯಾದಾಗ ಚುಚ್ಚಬಹುದು. ಐಸ್ ತೆಗೆಯುವಾಗ ಕಡ್ಡಿ ಹಿಡಿದು ಜಗ್ಗಬಾರದು. ಲೋಟವನ್ನು ಹತ್ತು ಸೆಕೆಂಡ್ ನೀರಿನಲ್ಲಿ ಅದ್ದಿ ಹಿಡಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ಮಾಡುವ ವಿಧಾನಗಳು

ಸೀಕರಣೆ ಕುಲ್ಫಿ: ಒಂದು ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಅರ್ಧ ಲೀಟರ್ ಆಗುವವರೆಗೆ ಬತ್ತಿಸಿ. ಅಂಚಿಗೆ ಕಟ್ಟಿದ ಕೆನೆಯನ್ನು ಕೆರೆದು ಹಾಲಿಗೇ ಸೇರಿಸಿ. 80 ಗ್ರಾಂ ಸಕ್ಕರೆ, ಏಲಕ್ಕಿ ಪುಡಿ ಹಾಕಿ ಇಳಿಸಿ, ಪೂರ್ತಿ ಆರಲು ಬಿಡಿ. ಬಿಸಿ ಹಾಲಿಗೆ ಹುಳಿ ಮಾವು ಬಿದ್ದರೆ ಹಾಲು ಒಡೆಯುತ್ತದೆ. ಆರಿದ ಮೇಲೆ ಅರ್ಧ ಕಿಲೊ ಮಾವಿನ ತಿರುಳು ಬೆರೆಸಿ ಲೋಟಗಳಿಗೆ ಹೊಯ್ದು, ಎಂಟು ತಾಸು ಇಡಿ. ಬಾದಾಮಿ ಚೂರು ಬೇಕಿದ್ದರೆ ಹಾಕಬಹುದು. ಮನೆಯಲ್ಲಿ ಹೋಳಿಗೆ, ಪೂರಿ ಜೊತೆ ಮಾಡಿದ ಸೀಕರಣೆ ಮಿಕ್ಕಿದ್ದರೆ ಅದನ್ನೇ ಅಂದೇ ಲೋಟಕ್ಕೆ ತುಂಬಿ ಇಟ್ಟರೂ ಆದೀತು.

ಕಲ್ಲಂಗಡಿ-ಲಿಂಬೆ ಕ್ಯಾಂಡಿ: ಬೀಜ ತೆಗೆದ ಮುಕ್ಕಾಲು ಕಿಲೊ ತಿರುಳು, 90 ಗ್ರಾಂ ಸಕ್ಕರೆ, ಎರಡು ಲಿಂಬೆಯ ರಸ, ಕಾಲು ಚಮಚ ಉಪ್ಪು. ಅಲ್ಲಿ ಇಲ್ಲಿ ಉಳಿದ ಬೀಜ ಅರೆದರೆ ಕಹಿಯಾಗುವುದರಿಂದ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ನೀರು ಬೇಡ. ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಸೇರಿಸಿದರೆ ನೋಡಲೂ ಚೆನ್ನ, ತಿನ್ನಲೂ ಚೆನ್ನ. ಆರು ತಾಸಿನಲ್ಲಿ ಸಿದ್ಧ.

ಮಾವಿನಕಾಯಿ ಬೆಲ್ಲದ ಕ್ಯಾಂಡಿ: ಎರಡು ಮಾವಿನಕಾಯಿ ಬೇಯಿಸಿ, ಇಲ್ಲವೇ ಕೆಂಡದಲ್ಲಿ ಸುಟ್ಟು ತಿರುಳು ತೆಗೆಯಿರಿ. 600 ಮಿಲಿ ನೀರಿನಲ್ಲಿ 200 ಗ್ರಾಂ ಬೆಲ್ಲ ಕುದಿಸಿ, ಸೋಸಿ, ಆರಿಸಿ. ಎರಡನ್ನೂ ಬೆರೆಸಿ ಹುರಿದ ಜೀರಿಗೆ ಪುಡಿ ಒಂದು ಚಮಚ, ಕರಿಉಪ್ಪು ಅರ್ಧ ಚಮಚ ಹಾಕಿ ಅಚ್ಚಿಗೆ ಹೊಯ್ಯಿರಿ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲೆಸಿವೆ. ಬಂಗಾಳಿಗಳ ‘ಆಮ್ ಪೋರಾ ಶರಬತ್’ ಕೂಡ ಹೀಗೆ ಸುಟ್ಟ ಮಾವಿನಕಾಯಿಯ ಪಾನಕವೇ. ಕನ್ನಡದ ಮನೆಯದಾಗಲಿ ಬಂಗಾಳಿ ಮನೆಯದಾಗಲಿ, ಆ ಪಾನಕವನ್ನು ತುಸು ಸಿಹಿ ಹೆಚ್ಚಿಸಿ ಹೆಪ್ಪುಗಟ್ಟಿಸಿದರೆ ಒಳ್ಳೆಯ ಕ್ಯಾಂಡಿಯಾಗುತ್ತದೆ.

ಪೇರಲ-ಖಾರದ ಕ್ಯಾಂಡಿ: ಅರ್ಧ ಕಿಲೊ ಮಾಗಿದ ಪೇರಲಹಣ್ಣನ್ನು 250 ಮಿಲಿ ಶುದ್ಧ ನೀರಿನೊಂದಿಗೆ ತಿರುವಿ, ಬೀಜ ಹೋಗುವಂತೆ ಜರಡಿ ಹಿಡಿಯಿರಿ. 100 ಗ್ರಾಂ ಸಕ್ಕರೆ, ಒಂದು ಲಿಂಬೆಯ ರಸ, ಉಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿ ತಲಾ ಕಾಲು ಚಮಚ. ಶಾಲೆಯ ಮುಂದೆ ಉಪ್ಪು ಖಾರ ಸವರಿ ಕೊಡುವ ಪೇರಲದ ರುಚಿ ಇದರಲ್ಲಿ ಬರುತ್ತದೆ.

ದಾಳಿಂಬೆ-ಮೋಸಂಬಿ: ದಾಳಿಂಬೆ ಕಾಳನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ ಸೋಸಿ. ಎರಡೂ ರಸ ತಲಾ 300 ಮಿಲಿ, ಸಕ್ಕರೆ 60 ಗ್ರಾಂ. ತಡಮಾಡದೆ ಅಚ್ಚಿಗೆ ಹಾಕಿ.

ಬಾಳೆಯ ಕೆನೆ: ಚುಕ್ಕೆ ಬಿದ್ದಷ್ಟು ಕಳಿತ ನಾಲ್ಕು ಬಾಳೆಹಣ್ಣನ್ನು ಬಿಲ್ಲೆ ಮಾಡಿ ತಟ್ಟೆಯಲ್ಲಿ ಹರಡಿ ಐದು ತಾಸು ಫ್ರೀಜರಿನಲ್ಲಿಡಿ. ಎರಡು ಮೂರು ಚಮಚ ತಣ್ಣಗಿನ ಹಾಲು ಸೇರಿಸಿ ಮಿಕ್ಸಿಯ ಸಣ್ಣ ಜಾರಿನಲ್ಲಿ ತಿರುವಿ. ಮೊದಲು ಪುಡಿಪುಡಿಯಾಗಿ, ಆಮೇಲೆ ಇದ್ದಕ್ಕಿದ್ದಂತೆ ನುಣ್ಣಗಾಗುತ್ತದೆ. ಸಕ್ಕರೆ ಬೇಕಿಲ್ಲ. ಕೂಡಲೇ ತಿನ್ನಬೇಕು.

ಮಾವಿನ ಸೋರ್ಬೆ: ಮೇಲೆ ಹೇಳಿದ ಲೆಕ್ಕದಂತೆ ತಿರುಳು, ಸಕ್ಕರೆ ಮತ್ತು ಒಂದು ಲಿಂಬೆಯ ರಸ ಬೆರೆಸಿ ಅಗಲ ಡಬ್ಬಿಯಲ್ಲಿಡಿ. ಮೊದಲ ಮೂರು ತಾಸು, ಅರ್ಧ ತಾಸಿಗೊಮ್ಮೆ ಅಂಚಿನ ಗಟ್ಟಿಯನ್ನು ಕೆರೆದು ನಡುವಿಗೆ ಕಲಸಿ. ಕಲಸಿದಷ್ಟೂ ಹರಳು ಸಣ್ಣದಾಗುತ್ತದೆ.

ಫ್ರಿಡ್ಜ್ ಇಲ್ಲದಿದ್ದರೆ, ಕರೆಂಟ್ ಹೋದರೆ

ಫ್ರಿಡ್ಜ್ ಇಲ್ಲದ ಮನೆಯಲ್ಲೂ ಐಸ್ ಮಾಡಬಹುದು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಕರಗುತ್ತಾ ಸುತ್ತಲಿನ ಶಾಖವನ್ನು ಹೀರಿ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಸಿದ್ಧಾಂತದಂತೆ ಮೈನಸ್ 21 ಡಿಗ್ರಿಯವರೆಗೆ ಹೋಗಬಲ್ಲುದು. ತಳ್ಳುಗಾಡಿಯ ಮಟ್ಕಾ ಕುಲ್ಫಿಯ ಗುಟ್ಟು ಇದೇ. ಬಕೆಟ್ಟಿನಲ್ಲಿ ಪುಡಿ ಮಾಡಿದ ಮೂರು ಕಿಲೊ ಐಸ್, ಒಂದು ಕಿಲೊ ಕಲ್ಲುಪ್ಪು ಪದರ ಪದರವಾಗಿ ಹಾಕಿ, ನಡುವೆ ರಸ ತುಂಬಿದ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟು, ಗೋಣಿಚೀಲ ಹೊದಿಸಿ. ಐದು ನಿಮಿಷಕ್ಕೊಮ್ಮೆ ಡಬ್ಬಿಯನ್ನು ತಿರುಗಿಸುತ್ತಾ, ಒಳಗಿನ ಅಂಚನ್ನು ಕೆರೆಯುತ್ತಾ ಹೋದರೆ ಮುಕ್ಕಾಲು ತಾಸಿನೊಳಗೆ ಮೆದು ಐಸ್ ಸಿದ್ಧವಾಗುತ್ತದೆ. ಐಸ್ ಫ್ಯಾಕ್ಟರಿಯ ಗಡ್ಡೆ ತಿನ್ನಲು ಯೋಗ್ಯವಲ್ಲದಿರಬಹುದು. ಆದ್ದರಿಂದ ಉಪ್ಪುನೀರಿನ ಒಂದು ಹನಿಯೂ ಡಬ್ಬಿಯೊಳಗೆ ಹೋಗದಂತೆ ನೋಡಿಕೊಳ್ಳಬೇಕು.

ಜೆಸ್ಕಾಂ ವಿದ್ಯುತ್ ಲೈನ್ ಮೇಲೆ ಬೇಸಿಗೆಯ ಹೊರೆ ಹೆಚ್ಚು. ಗಾಳಿಮಳೆಗೆ ಕರೆಂಟ್ ತಾಸುಗಟ್ಟಲೆ ಹೋಗುವುದೂ ಉಂಟು. ಆಗ ಫ್ರೀಜರಿನ ಬಾಗಿಲು ತೆರೆಯದಿರುವುದೇ ಮೊದಲ ಉಪಾಯ. ಫ್ರೀಜರ್ ತುಂಬಿದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಲಿನ ಕುಲ್ಫಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬಾರದು, ಚೆಲ್ಲಬೇಕು. ತಣ್ಣಗೇ ಇರುವ ಹಣ್ಣಿನ ರಸವನ್ನು ಕೂಡಲೇ ಕುಡಿದು ಮುಗಿಸಬಹುದು. ರಾತ್ರಿ ಹೊತ್ತು ಫ್ರೀಜರಿಗೆ ಹಾಕುವುದು ಜಾಣತನ. ಬಾಗಿಲು ತೆರೆಯುವುದು ಕಡಿಮೆ, ಹೊರಗಿನ ಸೆಕೆಯೂ ಕಡಿಮೆ.

ಸಾಮಾನ್ಯ ತೊಡಕುಗಳು

ಕಲ್ಲಿನಂತೆ ಗಟ್ಟಿಯಾದರೆ ಸಕ್ಕರೆ ಅಥವಾ ತಿರುಳು ಸಾಲದು ಎಂದರ್ಥ. ಎಷ್ಟು ಹೊತ್ತಾದರೂ ಗಟ್ಟಿಯಾಗದಿದ್ದರೆ ಸಕ್ಕರೆ ಹೆಚ್ಚಾಗಿದೆ, ಇಲ್ಲವೇ ಫ್ರೀಜರ್ ಸಾಕಷ್ಟು ತಣ್ಣಗಿಲ್ಲ. ಹರಳು ಹರಳಾಗಿದ್ದರೆ ರಸವನ್ನು ಬಿಸಿಯಾಗಿಯೇ ಇಟ್ಟಿರಬೇಕು ಅಥವಾ ನಡುವೆ ಕರಗಿ ಮತ್ತೆ ಗಟ್ಟಿಯಾಗಿರಬೇಕು. ಮೀನು, ಮಾಂಸ, ಬೆಳ್ಳುಳ್ಳಿಯ ವಾಸನೆ ಹಿಡಿದಿದ್ದರೆ ಮುಚ್ಚಳ ಸರಿಯಾಗಿರಲಿಲ್ಲ. ಕುಲ್ಫಿ ಒರಟಾಗಿದ್ದರೆ ಹಾಲು ಸಾಕಷ್ಟು ಬತ್ತಿಲ್ಲ. ಒಂದು ಲೀಟರ್ ಹಾಲಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಕದಡಿ, ಕುದಿಯುವಾಗ ಸೇರಿಸಿದರೆ ಹರಳು ಕಡಿಮೆಯಾಗುತ್ತದೆ.

ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಹಣ್ಣಿನ ಐಸ್ ತಿಂಗಳೊಪ್ಪತ್ತು ಕೆಡದೆ ಇರುತ್ತದೆ. ಒಂದೇ ಬಾಗಿಲಿನ ಸಣ್ಣ ಫ್ರಿಡ್ಜಿನಲ್ಲಾದರೆ ವಾರದೊಳಗೆ ಮುಗಿಸುವುದು ಒಳ್ಳೆಯದು.

ಯಾರು ಎಚ್ಚರ ವಹಿಸಬೇಕು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಉದ್ದಕ್ಕೆ ಸೀಳಿ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೆರೆಸಿದ ಯಾವುದೂ ಬೇಡ. ಸಕ್ಕರೆ ಕಾಯಿಲೆ ಇರುವವರು ಹಣ್ಣಿನದಲ್ಲವೇ ಎಂದು ಸಲೀಸಾಗಿ ತಿನ್ನುವಂತಿಲ್ಲ. ಮೇಲಿನ ಲೆಕ್ಕದಲ್ಲಿ 75 ಗ್ರಾಮಿನ ಒಂದು ಕ್ಯಾಂಡಿಯಲ್ಲಿ 12ರಿಂದ 15 ಗ್ರಾಂ ಸಕ್ಕರೆ ಇರುತ್ತದೆ.

ಬಿಸಿಲಿನಲ್ಲಿ ದುಡಿದು ಬಂದವರಿಗೆ ಐಸ್ ನೀರಿಗೆ ಬದಲಿಯಲ್ಲ. ಮೊದಲು ನೀರು, ಮಜ್ಜಿಗೆ, ಉಪ್ಪು ಹಾಕಿದ ಅಂಬಲಿ ಕುಡಿಯಬೇಕು. ಬಿಸಿಲು ಬಡಿದು ತಲೆಸುತ್ತು, ವಾಂತಿ, ಪ್ರಜ್ಞೆ ತಪ್ಪುವಂತಾದರೆ ಮೈ ತಣಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾರುವ ಯೋಚನೆ ಇದ್ದರೆ

ಸ್ವಸಹಾಯ ಸಂಘಗಳಿಗೆ, ಮನೆಯಲ್ಲೇ ಕೆಲಸ ಮಾಡಬಯಸುವ ಮಹಿಳೆಯರಿಗೆ ಇದು ಒಳ್ಳೆಯ ಬೇಸಿಗೆ ಕಸುಬಾಗಬಹುದು. ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಹಣ್ಣು ಸಂಸ್ಕರಣೆಯ ತಿಳಿವಳಿಕೆಗೆ ದೂರ ಹೋಗಬೇಕಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಹಾರ ಸಂಸ್ಕರಣೆಯ ವಿಭಾಗವಿದೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ.

ಮಾವು, ಕಲ್ಲಂಗಡಿಯ ಬೆಲೆ ಬಿದ್ದಾಗ ರೈತರು ಅದನ್ನು ರಸ್ತೆಗೆ ಸುರಿಯುವ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ನಮ್ಮ ಊರಿನ ಹಣ್ಣನ್ನು ನಮ್ಮ ಮನೆಯ ಫ್ರೀಜರಿಗೆ ತಂದರೆ ರೈತನಿಗೆ ನಾಲ್ಕು ಕಾಸು, ಮಕ್ಕಳಿಗೆ ಒಳ್ಳೆಯ ತಿನಿಸು. ಈ ಬೇಸಿಗೆಯಲ್ಲಿ ಒಂದು ಕಲ್ಲಂಗಡಿಯಿಂದ ಆರಂಭಿಸಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ನೀರು ಕುದಿಸಿ ಆರಿಸಿದ್ದೇ ಎಂಬುದನ್ನು ಮಾತ್ರ ಪ್ರತಿ ಸಲವೂ ಖಚಿತಪಡಿಸಿಕೊಳ್ಳಿ.